ಬೆನ್ನ ಮೇಲಿನ ಗುಂಡಿಗಳು

ಊಟ ಮುಗಿಸಿ ಎಲ್ಲರೂ ಕೆಲಸದ ಮೇಜಿಗೆ ಬಂದು ಕೂತಾಗಿತ್ತು. ಅವಳು ಮಾತ್ರ ಪುಸ್ತಕವನ್ನು ಮಡಿಲಲ್ಲಿಟ್ಟು, ಅದರ ಮೇಲೆ ಎರಡೂ ಕೈ ಊರಿ, ತೆರೆಯದೆ ಕೂತಿದ್ದಳು. ಕೆಳಗಿನ ಅಂತಸ್ತಿನಲ್ಲಿ ಹೊಲಿಗೆ ಯಂತ್ರಗಳು ಮತ್ತೆ ಶುರುವಾಗಿ ನೆಲ ಸಣ್ಣಗೆ ನಡುಗತೊಡಗಿತು; ಆ ನಡುಕ ಕುರ್ಚಿಯ ಕಾಲು ಹತ್ತಿ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ ಬರುತ್ತಿತ್ತು. ದಿನವೂ ಬರುವಂಥದ್ದೇ. ಇವತ್ತು ಮಾತ್ರ ಅದು ಕೆಳಗಿನಿಂದಲ್ಲ, ಮಡಿಲಲ್ಲಿದ್ದ ಪುಸ್ತಕದಿಂದ ಹೊರಡುತ್ತಿದೆ ಅನ್ನಿಸಿತು. ಹೊಲಿದು ಮೇಲೆ ಬಂದ ಅಂಗಿಗಳಲ್ಲಿ ಉಳಿದ ದಾರದ ತುದಿಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸುವುದು ಈ ಕೋಣೆಯ ಕೆಲಸ. ಊಟವಾದ ಮೇಲೆ ಚಹಾ ಬರುವ ತನಕ ಅವಳು ಗಟ್ಟಿಯಾಗಿ ಓದಬೇಕು; ಅವಳ ಪಾಲಿನ ಅಂಗಿಗಳನ್ನು ಉಳಿದ ಹೆಂಗಸರು ತಮ್ಮ ರಾಶಿಗೆ ಎಳೆದುಕೊಂಡು ಮುಗಿಸಿಕೊಡಬೇಕು. ಅವಳು ಸೇರುವ ಮೊದಲಿನಿಂದಲೂ ಮೇಜಿನಲ್ಲಿ ನಡೆದುಕೊಂಡು ಬಂದದ್ದು ಇದು. ಮೊದಲು ಓದುತ್ತಿದ್ದ ಹೆಂಗಸಿನ ಕಣ್ಣು ಮಂಜಾದಾಗ, ನನ್ನ ತಂಗಿ ಓದ್ತಾಳೆ ಬಿಡಿ, ಶಾಲೆ ಬಿಟ್ಟರೂ ಪುಸ್ತಕ ಬಿಟ್ಟಿಲ್ಲ ಎಂದು ಅಕ್ಕ ಎಲ್ಲರೆದುರು ಹೇಳಿಬಿಟ್ಟಿದ್ದಳು. ಬಾಯಿಬಿಟ್ಟು ಮಾತಾಡದ ಅವಳನ್ನು ಮೇಜಿನವರು ಮೂಗಿ ಎನ್ನುತ್ತಿದ್ದರು. ಮೂಗಿ ಓದ್ತಾಳಂತೆ ಎಂದು ಅವತ್ತು ಬಿದ್ದು ಬಿದ್ದು ನಕ್ಕಿದ್ದರು. ಅವಳು ಓದಲು ಶುರುಮಾಡಿದ ಮೇಲೆ ನಗು ನಿಂತಿತ್ತು. ತನ್ನ ಮಾತಾದರೆ ಗಂಟಲಲ್ಲೇ ಒಣಗಿಹೋಗುತ್ತಿತ್ತು. ಅಚ್ಚಾದ ಮಾತಾದರೆ, ಅದು ತನ್ನದಲ್ಲ ಎಂಬ ಧೈರ್ಯಕ್ಕೋ ಏನೋ, ಅವಳಿಗೇ ಗುರುತು ಸಿಗದ ದನಿಯೊಂದು ಎದೆಯಿಂದ ಎದ್ದು ಕೋಣೆಯ ಮೂಲೆಯವರೆಗೆ ಹೋಗಿ ಬರುತ್ತಿತ್ತು.

"ಏನೇ ಮೂಗಿ, ಪುಸ್ತಕಕ್ಕೆ ಕಾವು ಕೊಡ್ತಿದ್ದೀಯಾ? ಮರಿ ಆಗುತ್ತೇನೋ ನೋಡ್ತೀಯಾ?" ಎಂದಳು ದೊಡ್ಡಮ್ಮ. ಮೇಜಿಗೆಲ್ಲ ಹಿರಿಯಳು; ಯಾರ ದೊಡ್ಡಮ್ಮನೂ ಅಲ್ಲ, ಎಲ್ಲರಿಗೂ ದೊಡ್ಡಮ್ಮ.

"ಕೊನೇ ಅಧ್ಯಾಯ ಅಲ್ವಾ, ಮುಗಿಸೋಕೆ ಮನಸ್ಸಿಲ್ಲ ಅವಳಿಗೆ," ಎಂದಳು ಕನ್ನಡಕದವಳು. "ನೆರಳೊಡೆಯನ್ನ ಬಿಟ್ಟು ಇರೋದು ಹೇಗೆ ಅಂತ."

"ಬಿಡೋದ್ಯಾಕೆ, ಇವಳಕ್ಕಂಗೆ ಕೆಳಗಡೆ ಒಬ್ಬ ಸಿಕ್ಕಿದಾನಲ್ಲ. ಭಾವ ಆದ್ಮೇಲೆ ದಿನಾ ನೋಡ್ಬಹುದು," ಎಂದಳು ದೊಡ್ಡಮ್ಮ.

ಮೇಜು ನಕ್ಕಿತು. ಎದುರಿಗೆ ಕೂತಿದ್ದ ಅಕ್ಕ ನಗಲೂ ಇಲ್ಲ, ಬೈಯಲೂ ಇಲ್ಲ. ಅಂಗಿಯ ಕಾಲರು ಮಗುಚುತ್ತ, "ಓದೇ," ಎಂದಳು. "ಇವತ್ತು ಮುಗೀಬೇಕು. ಕಥೆ ಮುಗೀಲಿ, ಆಮೇಲೆ ಹೇಳ್ತೀನಿ ಅಂದಿದ್ದೀನಿ ಅಮ್ಮಂಗೆ. ಸಂಜೆ ಬರ್ತಾರೆ ಮಾಸ್ಟ್ರು, ಅವರ ತಾಯಿ."

ಅಮ್ಮನಿಗೆ ಹಾಗೆಂದದ್ದು ತಮಾಷೆಗೆ. ಕೆಳಗೆ ಬಟ್ಟೆ ಕತ್ತರಿಸಿಕೊಡುವ ಕಟಿಂಗ್ ಮಾಸ್ಟರ್ ಅಕ್ಕನನ್ನು ಮದುವೆಗೆ ಕೇಳಿ ಕಳಿಸಿದಾಗ ಅಮ್ಮ ಊಟದ ತಟ್ಟೆ ಹಿಡಿದೇ ಅವಳ ಹಿಂದೆ ಹಿಂದೆ ಓಡಾಡಿದ್ದಳು: ಕುಡಿಯಲ್ಲ, ಸೇದಲ್ಲ, ಏರು ದನಿಯಲ್ಲಿ ಮಾತಾಡಲ್ಲ, ಇನ್ನೇನು ಬೇಕು ನಿನಗೆ? ಅಕ್ಕ ತಪ್ಪಿಸಿಕೊಳ್ಳಲು, ಮೇಜಲ್ಲಿ ಕಥೆ ನಡೀತಿದೆಯಮ್ಮ, ಮುಗೀಲಿ ಎಂದಿದ್ದಳು. ಅಮ್ಮ ಅದನ್ನು ನಿಜವೆಂದೇ ತಿಳಿದು ದಿನಾ ಸಂಜೆ ಚಿಕ್ಕವಳನ್ನು ಕೇಳತೊಡಗಿದಳು: ಎಷ್ಟು ಉಳೀತೇ ಇನ್ನೂ? ಅವಳು ಬೆರಳಿನಲ್ಲಿ ಪುಟಗಳ ದಪ್ಪ ತೋರಿಸುತ್ತಿದ್ದಳು. ದಪ್ಪ ದಿನದಿನಕ್ಕೆ ತೆಳುವಾಗಿ, ನಿನ್ನೆ ಎರಡು ಬೆರಳುಗಳ ನಡುವೆ ಬೆಳಕು ಕೂಡ ನುಸುಳಲಿಲ್ಲ.

ಅವಳು ಪುಸ್ತಕ ತೆರೆದಳು. ರದ್ದಿ ಅಂಗಡಿಯಿಂದ ಬಂದ ಅದಕ್ಕೆ ರಕ್ಷಾಪುಟ ಇರಲಿಲ್ಲ. ಹೆಸರೇನು, ಬರೆದವರು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ. ದೀಪ ಮಾಡುವವನ ಮಗಳೊಬ್ಬಳು ಕೆರೆಯಾಚೆಯ ಕೋಟೆಗೆ ದೀಪ ಕೊಡಲು ಹೋಗುತ್ತಾಳೆ. ಕೋಟೆಯ ಒಡೆಯನಿಗೆ, ಮೇಜಿನವರ ನೆರಳೊಡೆಯನಿಗೆ, ನೆರಳಿಲ್ಲ. ನೆರಳಿಲ್ಲದವನನ್ನು ಪ್ರೀತಿಸಿದವರು ಕಲ್ಲಾಗುತ್ತಾರೆಂದು ಊರು ಹೇಳುತ್ತದೆ. ಅವಳು ಪ್ರೀತಿಸುತ್ತಾಳೆ, ಕಲ್ಲಾಗುವುದಿಲ್ಲ. ಕಥೆ ಇಷ್ಟೇ. ಆದರೆ ಅದರಲ್ಲೊಂದು ಅಧ್ಯಾಯವಿತ್ತು: ಅವಳಿಗೆ ಮನೆಗೆ ಹೋಗುವ ದಾರಿ ಕಾಣಲೆಂದು ಅವನು ಕೋಟೆಯ ದೀಪಗಳನ್ನೆಲ್ಲ ಕೆರೆಯ ಮೇಲೆ ತೇಲಿಬಿಟ್ಟು, ತಾನು ಕತ್ತಲಲ್ಲಿ ನಿಂತಿರುತ್ತಾನೆ. ಅದನ್ನು ಓದಿದ ದಿನ ಕತ್ತರಿಗಳು ನಿಂತುಹೋಗಿದ್ದವು. ಬರೆದವರು ಯಾರೇ ಇರಲಿ, ರಾತ್ರಿಯ ನೀರನ್ನು ನಿಂತು ನೋಡಿ ಬರೆದಿದ್ದರು. ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ, ಅವಳು ಆ ಕೆರೆಯ ದಂಡೆಗೆ ಹೋಗಿ ನಿಂತು ಬಂದದ್ದೆಷ್ಟು ಸಲವೋ. ಯಾರಾದರೂ ಕೇಳಿದ್ದರೆ, ಇಂಥ ಪುಸ್ತಕ ಇನ್ನೊಂದಿಲ್ಲ ಎನ್ನುತ್ತಿದ್ದಳು. ಹಾಗೆನ್ನುವ ಬಾಯಿ ಅರ್ಧಕ್ಕೇ ನಿಲ್ಲುತ್ತಿತ್ತು ಕೂಡ. ಯಾಕೆಂದರೆ ಅದರ ಮುಂದಿನ ಅಧ್ಯಾಯವನ್ನು ಅವಳು ಮೇಜಿಗೆ ಓದಿರಲೇ ಇಲ್ಲ.

ಮೊದಲ ಸಲ ಬಿಟ್ಟದ್ದು ನಾಚಿಕೆಗೆ. ಕಥೆಯ ಹುಡುಗಿ ಮಲಗಿದ್ದ ಹಾಸಿಗೆಯ ಬಳಿ ಒಡೆಯ ಬಂದು ನಿಂತ ಎಂಬಲ್ಲಿ, ಹಾಸಿಗೆ ಎನ್ನುವಾಗ ಇವಳ ದನಿ ಒಡೆದು, ದೊಡ್ಡಮ್ಮ 'ನಿಲ್ಲಿಸಬೇಡ್ವೇ, ಅಲ್ಲೇ ಇರೋದು ಮಜಾ' ಎಂದು ಕೂಗಿದ್ದಕ್ಕೆ ಮೇಜೆಲ್ಲ ಕತ್ತರಿ ಬಡಿದಿತ್ತು. ಕಿವಿ ಸುಡುತ್ತಿದ್ದಂತೆ ಅವಳ ಕಣ್ಣು ಮುಂದೆ ಓಡಿ, ಬರುವುದನ್ನು ಕಂಡಿತ್ತು. ಅವನು ಒಲೆಯ ಬೆಳಕಿನಲ್ಲಿ ಗೋಡೆಗೆ ಬಿದ್ದ ಹುಡುಗಿಯ ನೆರಳನ್ನು ಹಿಮ್ಮಡಿಯ ಹತ್ತಿರ ಕತ್ತರಿಸಿ, ಮಡಚಿ, ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ. ಅಲ್ಲಿಂದಾಚೆ ಬಾಗಿಲ ಹತ್ತಿರ ಹೋದರೆ ಅವಳ ಕಾಲು ಏಳುವುದಿಲ್ಲ. ಕಾರಣ ಅವಳಿಗೆ ತಿಳಿಯುವುದು ಕೊನೆಯಲ್ಲಿ. ತಿಳಿದಾಗ ಅವಳು ಪೆಟ್ಟಿಗೆಗೆ ಮುತ್ತಿಡುತ್ತಾಳೆ. ನೀರನ್ನು ಅಷ್ಟು ನಿಂತು ನೋಡಿದವರಿಗೆ ಹುಡುಗಿಯ ಕಾಲು ಕಾಣಲಿಲ್ಲವೇ? ಆ ದಿನ ಆ ಪುಟಗಳನ್ನು ಒಟ್ಟಿಗೆ ಮಗುಚಿ, 'ಅವನು ಅವಳಿಗೆ ಹೊದಿಕೆ ಸರಿಮಾಡಿ, ಸದ್ದಾಗದಂತೆ ಹೊರಗೆ ಹೋದ' ಎಂದು ಅವಳು ಓದಿದ್ದಳು, ಅಂದರೆ, ಹೇಳಿದ್ದಳು. ಹುಟ್ಟಿದಾಗಿನಿಂದ ಹತ್ತು ಜನರ ಮುಂದೆ ಅವಳಾಡಿದ ಮೊದಲ ಸ್ವಂತ ಮಾತು ಅದು. ಯಾರಿಗೂ ತಿಳಿಯಲಿಲ್ಲ. ಎಂಥಾ ಮರ್ಯಾದಸ್ಥ ನೋಡೇ ಎಂದು ಅಕ್ಕ ನಿಟ್ಟುಸಿರಿಟ್ಟಿದ್ದಳು. ಆಮೇಲೆ ಬಿಡುವುದು ಸುಲಭವಾಯಿತು. ಎಲ್ಲೆಲ್ಲಿ ಅವನು ಬಾಗಿಲು ಹಾಕಿದನೋ, ಎಲ್ಲೆಲ್ಲಿ ಅವಳ ಗೆಳತಿಯರ ಓಲೆಗಳನ್ನು ಸುಟ್ಟನೋ ಅಲ್ಲಲ್ಲಿ ಕತ್ತರಿಸಿ, ಆಚೀಚಿನ ತುದಿಗಳನ್ನು ತನ್ನ ಒಂದು ವಾಕ್ಯದಿಂದ ಕೂಡಿಸಿದಳು. ಪುಸ್ತಕದ ಚೆನ್ನಾಗಿದ್ದ ಭಾಗವಷ್ಟೇ ಉಳಿಯಲಿ ಎಂಬ ಆಸೆಯೂ ಇತ್ತು. ಉಳಿದದ್ದು ಎಂಥ ಗಂಡಸು! ಅಂಥವನು ಆ ಪುಸ್ತಕದಲ್ಲೂ ಇರಲಿಲ್ಲ. ಅಂಥವನನ್ನು ಅಕ್ಕ ಈಗ ಮೆಟ್ಟಿಲ ಕೆಳಗೆ ಹುಡುಕುತ್ತಿದ್ದಳು.

ಮಾಸ್ಟರ್ ಸಂಜೆ ಮೆಟ್ಟಿಲ ಬುಡದಲ್ಲಿ ನಿಂತಿರುತ್ತಿದ್ದ. ಕೈ ಚೊಕ್ಕಟ, ಉಗುರು ಚೊಕ್ಕಟ, ಅಂಗಿಯ ಕಾಲರಿನ ಒಳಮಗ್ಗುಲಿಗೆ ಯಾವಾಗಲೂ ದಾರ ಪೋಣಿಸಿದ ಒಂದು ಸೂಜಿ. ಅಕ್ಕ ಜೊತೆಯವರೊಡನೆ ನಗುತ್ತ ಇಳಿದರೆ ಏನೂ ಹೇಳುತ್ತಿರಲಿಲ್ಲ. ಮರುದಿನ ನಿಲ್ಲುತ್ತಿರಲಿಲ್ಲ, ಅಷ್ಟೇ. ಆ ಖಾಲಿ ಮೆಟ್ಟಿಲು ನೋಡಿ ಅಕ್ಕನ ಮುಖ ಬಾಡುತ್ತಿತ್ತು. ಈಚೆಗೆ ಅಕ್ಕ ನಕ್ಕು ಮುಗಿಸಿಯೇ ಮೆಟ್ಟಿಲಿಳಿಯುತ್ತಿದ್ದಳು. ಹೋದ ವಾರ ಅವನು ಅಕ್ಕನಿಗೊಂದು ಅಂಗಿ ಕೊಟ್ಟ: ಬೂದು ಬಣ್ಣದ್ದು, ಪಾದದವರೆಗೆ ಉದ್ದ, ಬೆನ್ನುದ್ದಕ್ಕೂ ಗುಂಡಿ. ಟೇಪು ಹಿಡಿದಿರಲಿಲ್ಲ, ಅಳತೆಗೆಂದು ಹಳೆಯ ಬಟ್ಟೆ ಕೇಳಿರಲಿಲ್ಲ. ಆದರೂ ಅದು ಮೈಗೆ ಕೂತ ರೀತಿಗೆ ಊಟದ ಹೊತ್ತಿನಲ್ಲಿ ಮೇಜಿನವರೆಲ್ಲ ಎದ್ದು ಸುತ್ತ ನಿಂತರು. ಬರೀ ಕಣ್ಣಳತೇಲಿ ಹೊಲಿದಿದ್ದಾನಲ್ಲೇ, ಎಷ್ಟು ನೋಡಿರಬೇಕು ಎಂದಳು ಕನ್ನಡಕದವಳು. ಎಷ್ಟು ನೋಡಿರಬೇಕು! ತಂಗಿಗೂ ಅದೇ ಮಾತು ಬಂದಿತ್ತು. ಆದರೆ ಅವಳು ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಕೊಕ್ಕೆಯಲ್ಲಿದ್ದ ಚೀಲ ತೆಗೆಯಲು ಅಕ್ಕ ಕೈ ಚಾಚಿದಳು. ತೋಳು ಹೆಗಲ ಮಟ್ಟಕ್ಕೆ ಬಂದು ನಿಂತಿತು. ಕಂಕುಳಿನ ಕೆಳಗೆ ಬಟ್ಟೆ ಬಿಗಿದಿತ್ತು. ಮಾಸ್ಟ್ರು ತೋಳಲ್ಲಿ ಒಂಚೂರು ತಪ್ಪಿದಾರೆ ಎಂದು ನಕ್ಕು ಅಕ್ಕ ಇವಳಿಂದ ಚೀಲ ತೆಗೆಸಿಕೊಂಡಳು. ಅವನು ಕತ್ತರಿಸಿದ ಬಟ್ಟೆಯಲ್ಲಿ ನೂಲೆಳೆಯಷ್ಟು ತಪ್ಪನ್ನು ಈ ಕೋಣೆ ಯಾವತ್ತೂ ಕಂಡಿರಲಿಲ್ಲ. ಬೆನ್ನ ಗುಂಡಿಗಳನ್ನು ಹಾಕಿಕೊಳ್ಳಲೂ ಬಿಚ್ಚಿಕೊಳ್ಳಲೂ ಇನ್ನೊಬ್ಬರ ಕೈ ಬೇಕಿತ್ತು.

ಅಕ್ಕನಿಗೆ ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದಿದ್ದಳು. ಆದರೆ ಏನಂತ? ಅಕ್ಕ, ಆ ಅಂಗಿ ನನಗೆ ಹಿಡಿಸಲಿಲ್ಲ ಅಂತಲೇ? ಚಿಕ್ಕಂದಿನಿಂದ ಅಕ್ಕನ ಹಳೆಯ ಅಂಗಿಗಳನ್ನೇ ಹಾಕಿದವಳು ಅವಳು. ಹೊಸದನ್ನು ಕಂಡು ಹೊಟ್ಟೆಕಿಚ್ಚೇ ಎಂದು ಅಕ್ಕ ಕೇಳಿದರೆ? ಕೇಳುವುದಿರಲಿ, ಅದು ನಿಜವಾಗಿದ್ದರೆ? ಒಂದು ಸಂಜೆ ಮೆಟ್ಟಿಲಲ್ಲಿ ಮಾಸ್ಟರ್ ಅವಳ ಹೆಗಲಿನಿಂದ ಒಂದು ದಾರದ ತುಣುಕನ್ನು, ಮೈ ತಾಕದ ಹಾಗೆ, ಎರಡು ಬೆರಳಲ್ಲಿ ಎತ್ತಿ ತೆಗೆದಿದ್ದ. ಅವತ್ತು ಬಸ್ಸಿನಲ್ಲಿ ಅವಳು ಆ ಹೆಗಲನ್ನು ಯಾರಿಗೂ ತಗಲಿಸದೆ ನಿಂತಿದ್ದಳು. ಪುಸ್ತಕವೂ ಹಾಗೆಯೇ ಅಲ್ಲವೇ: ಬಿಟ್ಟ ಪುಟಗಳನ್ನು ಬೆಳಗಿನ ಜಾವ ಒಬ್ಬಳೇ ಮತ್ತೆ ಮತ್ತೆ ಓದಿದ್ದು ಬರೀ ಅಸಹ್ಯಕ್ಕೇನು? ತನ್ನನ್ನು ಕೂಡ ಯಾರಾದರೂ ಅಷ್ಟು ನೋಡಲಿ ಎಂದು ಒಳಗೆಲ್ಲೋ ಯಾರೋ ಕೂತು ಕಾಯುತ್ತಿದ್ದರು. ಆ ಕಾಯುವವಳ ಮಾತನ್ನು ನಂಬಿ ಅಕ್ಕನಿಗೆ ಬುದ್ಧಿ ಹೇಳುವುದು ಹೇಗೆ?

"ಓದ್ತೀಯೋ, ನಾನೇ ಬಂದು ಬಾಯಿ ತೆರೀಲೋ?" ಎಂದಳು ದೊಡ್ಡಮ್ಮ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದು ಅವಳ ಹೆಸರಿನ ರಾಶಿಯಿಂದ ಒಂದು ಅಂಗಿ ಎಳೆದ. ಕಂಕುಳಿನ ಹೊಲಿಗೆಯಲ್ಲಿ ಬೆರಳುದ್ದ ದಾರ ನೇತಾಡುತ್ತಿತ್ತು. ಅದನ್ನು ಅವಳ ಮೂಗಿನ ಮುಂದೆ ಆಡಿಸಿ, "ಇದೇನಮ್ಮ, ಬಾಲನಾ? ಓದೋದು ಓದು, ಕಣ್ಣು ಮಾರ್ಕೊಂಡು ಓದಬೇಡ," ಎಂದ. ಇವಳ ಪಾಲಿನ ಆ ಅಂಗಿಯನ್ನು ಮುಗಿಸಿಕೊಟ್ಟವಳು ಕನ್ನಡಕದವಳು. ಅವಳು ತಲೆ ತಗ್ಗಿಸಿಕೊಂಡೇ ಇದ್ದಳು. ಇವಳೇ ಕೈ ಚಾಚಿದಳು. ಅಂಗಿ ತೆಗೆದುಕೊಂಡು ದಾರ ಕತ್ತರಿಸಿ ಮರಳಿ ಕೊಟ್ಟಳು. ಅವನು ಹೋದ ಮೇಲೆ ಅವಳಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದ ಆ ಸಿಟ್ಟಿನಲ್ಲೇ ಕೊನೆಯ ಅಧ್ಯಾಯವನ್ನು ಬಿಟ್ಟು ಹಾಳೆಗಳನ್ನು ಹಿಂದಕ್ಕೆ, ಹಿಂದಕ್ಕೆ ತಿರುವಿದಳು.

"ಇದು ಹಿಂದೆ ಬಿಟ್ಟುಹೋಗಿತ್ತು," ಎಂದಳು. ದನಿ ಸಣ್ಣದಿತ್ತು. ಕೆರೆಯ ದೀಪಗಳಾದ ಮೇಲಿನ ಅಧ್ಯಾಯವನ್ನು ಓದತೊಡಗಿದಳು.

ಓದಿದಳು. ಹಾಸಿಗೆ ಎನ್ನುವಲ್ಲಿ ದನಿ ಒಡೆಯಲಿಲ್ಲ. ಒಲೆಯ ಬೆಳಕು, ಗೋಡೆ, ಮಲಗಿದವಳ ಹೆಗಲಿನಿಂದ ಇಳಿದ ನೆರಳು. ಎದೆಯಿಂದ ಆ ಇನ್ನೊಂದು ದನಿ ಎದ್ದು, ಅವಳು ಬೇಡವೆಂದರೂ ಪ್ರತಿ ಮಾತನ್ನೂ ಚಂದ ಮಾಡುತ್ತಿತ್ತು. "'ಅಲುಗಾಡಬೇಡ,' ಎಂದ ಅವನು. 'ನೋವಾಗುವುದಿಲ್ಲ.' ಹಿಮ್ಮಡಿಯ ಬಳಿ ಕತ್ತರಿಯ ಬಾಯಿ ತೆರೆದುಕೊಂಡಿತು." ಮೇಜಿನ ಕತ್ತರಿಗಳೆಲ್ಲ ನಿಂತವು. ಬೀಗ ಬಿದ್ದ ಪೆಟ್ಟಿಗೆ, ಸುಟ್ಟ ಓಲೆಗಳು, ಬಾಗಿಲಲ್ಲಿ ಏಳದ ಕಾಲು: ಒಂದನ್ನೂ ಬಿಡದೆ ಓದಿ, ಕೊನೆಯ ಅಧ್ಯಾಯವನ್ನೂ, ಪೆಟ್ಟಿಗೆಗಿಟ್ಟ ಮುತ್ತನ್ನೂ ಓದಿ ಮುಗಿಸಿ, ತಲೆ ಎತ್ತಿದಳು. ಈಗ ಯಾರಾದರೂ ಛೀ ಎನ್ನುತ್ತಾರೆ. ಈಗ.

ಕನ್ನಡಕದವಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಳು. "ಎಷ್ಟು ಪ್ರೀತಿ," ಎಂದಳು. "ಎಲ್ಲಿ ಹೋಗಿಬಿಡ್ತಾಳೋ ಅಂತ."

"ಇಷ್ಟು ಚೆನ್ನಾಗಿರೋದನ್ನ ಬಿಟ್ಟಿದ್ದೆಯಲ್ಲೇ ಮೂಗಿ, ಕಳ್ಳಿ!" ಎಂದಳು ದೊಡ್ಡಮ್ಮ. "ನನ್ನ ಗಂಡ ನೆರಳು ಕತ್ತರಿಸೋದು ಹಾಳಾಗಲಿ, ನಾನು ಮನೇಲಿದ್ದೀನೋ ಇಲ್ವೋ ಅಂತ ಕೂಡ ನೋಡಲ್ಲ. ಎರಡು ದಿನ ತವರಿಗೆ ಹೋಗಿ ಬಂದ್ರೆ, ಎಲ್ಲಿಗೋ ಹೊರಟಂಗಿದೆ ಅಂತ ಕೇಳಿದ್ದ."

ಮೇಜು ನಕ್ಕಿತು. ಅವಳು ಪುಸ್ತಕ ಮುಚ್ಚಿದಳು. ತಾನು ಇಷ್ಟು ದಿನ ಬಚ್ಚಿಟ್ಟು ಕಾದ ವಿಷವನ್ನು ಇವರು ಸಕ್ಕರೆಯ ಹಾಗೆ ಚಪ್ಪರಿಸುತ್ತಿದ್ದರು. ಅಥವಾ ವಿಷವಾಗಿದ್ದದ್ದು ತನ್ನ ಕಣ್ಣೇ? ಅಕ್ಕನ ಕಡೆ ನೋಡಿದಳು. ಅಕ್ಕ ನಗಲಿಲ್ಲ, ಅಳಲಿಲ್ಲ. ಅಂಗಿಯ ಗುಂಡಿಯೊಂದನ್ನು ಹೆಬ್ಬೆರಳಲ್ಲಿ ಒತ್ತಿ ತಿರುಗಿಸುತ್ತ ಕೂತಿದ್ದಳು. ಸಂಜೆ ಮೆಟ್ಟಿಲು ಇಳಿಯುವಾಗ ಕೇಳಿದಳು, ಹಿಂದೆ ತಿರುಗದೆ:

"ಆಮೇಲೆ ಅವಳ ನೆರಳು ವಾಪಸ್ ಸಿಗುತ್ತಾ?"

"ಇಲ್ಲ."

"ಕೇಳೋದೂ ಇಲ್ವಾ?"

"ಕೇಳಲ್ಲ. ಮರೀತಾಳೆ. ಅಥವಾ, ಬರೆದೋರು ಮರೆತಿದ್ದಾರೆ."

"ಚೆನ್ನಾಗಿತ್ತಾ ನಿಂಗೆ, ಆ ಪುಸ್ತಕ?"

ಅವಳು ಗೋಡೆ ಹಿಡಿದುಕೊಂಡು ಒಂದು ಮೆಟ್ಟಿಲು ಇಳಿದಳು. ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ. ಎರಡನ್ನೂ ಒಟ್ಟಿಗೆ ಹೇಳುವ ಮಾತೊಂದು ಇರಬೇಕು. ಅದು ಬರುವಷ್ಟರಲ್ಲಿ ಮೆಟ್ಟಿಲು ಮುಗಿದಿತ್ತು. ಬುಡದಲ್ಲಿ ಯಾರೂ ಇರಲಿಲ್ಲ. ಮಾಸ್ಟರ್ ಇವರ ಮನೆಗೆ ಬರಲು ಸಿದ್ಧನಾಗಲೆಂದು ಮೊದಲೇ ಹೋಗಿದ್ದ.

ಮನೆಯಲ್ಲಿ ಅಮ್ಮ ಕುರ್ಚಿಗಳನ್ನು ಒರೆಸಿ ಸಾಲಾಗಿ ಹಾಕಿದ್ದಳು. "ಮುಗೀತೇನೇ ಕಥೆ?" ಎಂದು ಚಿಕ್ಕವಳನ್ನು ಕೇಳಿ, ಅವಳು ತಲೆಯಾಡಿಸಿದ್ದೇ, "ಅಬ್ಬಾ, ಸದ್ಯ," ಎಂದು ಒಳಗೆ ಹೋದಳು. ಅಕ್ಕ ಬೂದು ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತು, ಬೆನ್ನು ತೋರಿಸಿ, "ಹಾಕು," ಎಂದಳು. ಬೇಡ ಅನ್ನು, ಅಕ್ಕ, ಬೇಡ ಅಂತ ಅಂದುಬಿಡು. ಅಷ್ಟನ್ನೂ ಒಳಗೇ ಇಟ್ಟುಕೊಂಡು ತಂಗಿ ಗುಂಡಿಗಳಿಗೆ ಕೈ ಹಾಕಿದಳು. ಕಾಜಗಳು ಎಷ್ಟು ಬಿಗಿಯೆಂದರೆ ಒಂದೊಂದು ಗುಂಡಿಯನ್ನೂ ಉಗುರಿನಿಂದ ನೂಕಬೇಕಿತ್ತು. ಕೆಳಗಿನದು, ಅದರ ಮೇಲಿನದು. ಅಕ್ಕನ ಬೆನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚಿಹೋಗುತ್ತಿತ್ತು. ಕೆಲಸದ ಪುಟ್ಟ ಕತ್ತರಿ ಇನ್ನೂ ತಂಗಿಯ ಕೊರಳಿನ ಲಾಡಿಯಲ್ಲೇ ನೇತಾಡುತ್ತಿತ್ತು. ಕೈ ಅದನ್ನು ಹಿಡಿದದ್ದು ಅವಳಿಗೆ ಆಮೇಲೆ ತಿಳಿಯಿತು. ಹಾಕಿದ ಪ್ರತಿ ಗುಂಡಿಯ ಬುಡದಲ್ಲಿ ತುದಿ ತೂರಿಸಿ, ಒಂದೇ ಒಂದು ಎಳೆ ಬಿಟ್ಟು ಉಳಿದ ದಾರವನ್ನೆಲ್ಲ ಕತ್ತರಿಸಿದಳು. ಯಾಕೆಂದು ಯಾರಾದರೂ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಪುಸ್ತಕ ಓದುವಾಗ ಮಾಡಿದ್ದೂ ಇದನ್ನೇ ಅಲ್ಲವೇ, ಇನ್ನೊಬ್ಬರು ಹೊಲಿದದ್ದನ್ನು ಯಾರಿಗೂ ಹೇಳದೆ ಕತ್ತರಿಸುವುದು. ಆಗ ಮಾಡಿದ್ದು ತಪ್ಪಾಗಿದ್ದರೆ ಈಗಿನದು ಹೇಗೆ ಸರಿ?

"ಏನ್ ಮಾಡ್ತಿದ್ದೀಯೇ ಅಷ್ಟು ಹೊತ್ತು?"

"ದಾರ," ಎಂದಳು. "ಉಳಿದಿತ್ತು."

ಕನ್ನಡಿಯೊಳಗಿನಿಂದ ಅಕ್ಕ ಅವಳನ್ನು ನೋಡಿದಳು.

ತಾಯಿ ಮಗ ಬಂದರು. ಅವನ ತಾಯಿ ಸಣ್ಣ ಹೆಂಗಸು. ಕೂರುವ ಮೊದಲು ಮಗನ ಮುಖ ನೋಡಿದಳು, ನೀರಿನ ಲೋಟ ಮುಟ್ಟುವ ಮೊದಲೂ ನೋಡಿದಳು. ಅಮ್ಮ ಏನೇನೋ ಕೇಳಿದಳು. ಆ ಹೆಂಗಸು ಬಾಯಿ ತೆರೆದು, ಮಗನ ಕಡೆ ತಿರುಗಿ, ಅವನು ಉತ್ತರ ಕೊಟ್ಟ ಮೇಲೆ ಬಾಯಿ ಮುಚ್ಚುತ್ತಿದ್ದಳು. ಮೂಲೆಯಲ್ಲಿ ನಿಂತಿದ್ದ ತಂಗಿಗೆ ಆ ಹೆಂಗಸಿನ ಕಾಲುಗಳ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ಒಂದರ ಪಕ್ಕ ಒಂದು, ನೆಲಕ್ಕೆ ಅಂಟಿಸಿದ ಹಾಗೆ ಇದ್ದವು. ದೀಪದ ಬೆಳಕು ಆ ಕಡೆಯಿಂದ ಬೀಳುತ್ತಿತ್ತು. ಆಕೆಯ ನೆರಳು ಬಿದ್ದಿತ್ತೋ ಇಲ್ಲವೋ, ಮಗನ ಕುರ್ಚಿ ಅಡ್ಡವಿದ್ದು ಕಾಣುತ್ತಿರಲಿಲ್ಲ. ಅಕ್ಕ ಚಹಾದ ತಟ್ಟೆ ತಂದಳು. ಕೊಟ್ಟು, ತಟ್ಟೆ ಇಡಲು ಗೋಡೆಯ ಕಡೆ ತಿರುಗಿದಳು.

"ನಿಲ್ಲು," ಎಂದ ಅವನು. ದನಿ ಮೆತ್ತಗಿತ್ತು.

ಎದ್ದು ಬಂದು ಅಕ್ಕನ ಬೆನ್ನ ಹಿಂದೆ ನಿಂತ. ಬೆರಳನ್ನು ತಾಗಿಸದೆ, ಮೇಲಿನಿಂದ ಕೆಳಗಿನ ತನಕ ಗುಂಡಿಗಳ ಮೇಲೆ ಗಾಳಿಯಲ್ಲಿ ಆಡಿಸಿದ. ಮೂಲೆಯ ಕಡೆ ಒಮ್ಮೆ ನೋಡಿದ. ಅವಳ ಕೊರಳ ಕತ್ತರಿಯ ಮೇಲೆ ಆ ನೋಟ ಕೂತು, ಎದ್ದು ಹೋಯಿತು. "ದಾರ ಸಡಿಲ ಆಗಿದೆ," ಎಂದ. ಕಾಲರಿನೊಳಗಿನಿಂದ ಸೂಜಿ ತೆಗೆದ. ಬೂದು ದಾರ ಪೋಣಿಸಿಯೇ ಇತ್ತು.

"ನೋಡ್ರೀ, ಎಷ್ಟು ಕಾಳಜಿ," ಎಂದಳು ಅಮ್ಮ, ಅವನ ತಾಯಿಗೆ. ಆ ಹೆಂಗಸು ಮಗನ ಮುಖ ನೋಡಿದಳು.

"ಬಿಚ್ಚಿ ತಂದುಕೊಡ್ತೀನಿ ಮಾಸ್ಟ್ರೇ," ಎಂದಳು ಅಕ್ಕ. "ಆಮೇಲೆ ಹಾಕಿ."

"ಬೇಡ. ಹಾಗೇ ನಿಂತ್ಕೋ." ಅವನು ಬಗ್ಗಿದ. "ಅಲ್ಲಾಡಬೇಡ. ನೋವಾಗಲ್ಲ."

ಗುಂಡಿ ಹೊಲಿಯುವವರು ಯಾರಾದರೂ ಆಡುವ ಮಾತು. ಕೋಣೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಅಮ್ಮ ಮುಗುಳ್ನಗುತ್ತಲೇ ಇದ್ದಳು. ಆದರೆ ಅಕ್ಕನ ತಲೆ ನಿಧಾನವಾಗಿ ಎದ್ದಿತು. ಮೂಲೆಯಲ್ಲಿದ್ದ ತಂಗಿಯನ್ನು ಅವಳು ನೋಡಿದಳು. ಮೇಜಿನಲ್ಲಿ ಓದು ನಡೆಯುವಾಗ ನೋಡುವ ಹಾಗೆ, ಮುಂದಿನ ವಾಕ್ಯಕ್ಕೆ ಕಾಯುವ ಹಾಗೆ. ತಂಗಿಯ ತುಟಿ ಅಲುಗಿತು. ಇಲ್ಲಿ ಓದಲು ಪುಟವಿರಲಿಲ್ಲ.

"ಕೇಳು," ಎಂದಳು. ಗಂಟಲು ಹರಿದ ಹಾಗಾಯಿತು. "ಕಥೇಲಿ ಅವಳು ಕೇಳಲಿಲ್ಲ. ನೀನು ಕೇಳು, ಅಕ್ಕ."

ಅಮ್ಮ ಬೆಚ್ಚಿ ಅವಳ ಕಡೆ ತಿರುಗಿದಳು. ಅವನ ಸೂಜಿ ಮೇಲಿನ ಗುಂಡಿಯ ಬಳಿ ಗಾಳಿಯಲ್ಲಿ ನಿಂತಿತು. ಅಕ್ಕ ಏನೂ ಕೇಳಲಿಲ್ಲ. ತಟ್ಟೆಯನ್ನು ಪಕ್ಕಕ್ಕಿಟ್ಟು, ಕಣ್ಣಿಗೆ ಬಿದ್ದ ಕೂದಲು ಸರಿಸುವವಳ ಹಾಗೆ ಬಲಗೈ ಎತ್ತಿದಳು. ತೋಳು ಹೆಗಲ ಮಟ್ಟಕ್ಕೆ ಬಂದು ನಿಂತಿತು. ಬಟ್ಟೆ ಬಿಗಿಯಿತು. ಅವಳು ನಿಲ್ಲಿಸಲಿಲ್ಲ.

ಮೊದಲ ಗುಂಡಿ ಸಿಡಿದು ನೆಲಕ್ಕೆ ಬಿದ್ದು, ಉರುಳುತ್ತ ಹೋಗಿ ಅವನ ಕಾಲ ಬಳಿ ನಿಂತಿತು. ಅವನು ಅದರ ಮೇಲೆ ಪಾದ ಇಟ್ಟ. ಮುಖದಲ್ಲಿ ಒಂದು ಗೆರೆಯೂ ಕದಲಿರಲಿಲ್ಲ.

"ಅಲ್ಲಾಡಬೇಡ ಅಂದೆ," ಎಂದ.

ಅಕ್ಕ ಇನ್ನೊಂದು ಕೈಯನ್ನೂ ಎತ್ತಿದಳು.